ಹಳೆ ಕಂಪ್ಯೂಟರ್ ಗುಜರಿಗೆ ಹಾಕುವ ಮುನ್ನ

"ಇದನ್ನ ಯಾರ್ ನೋಡ್ತಾರ್ರೀ?"

ಹಳೆ ಕಂಪ್ಯೂಟರ್ ಬಿಚ್ಚಿ, ಒರೆಸಿ, ಚಾಲೂ ಮಾಡಿ ವಿಡಿಯೊ ಹಾಕುವ ನಮಗೆ ತಂಗಡಗಿಯಲ್ಲೂ ಮುದ್ದೇಬಿಹಾಳದಲ್ಲೂ ಹೆಚ್ಚಾಗಿ ಎದುರಾಗುವ ಪ್ರಶ್ನೆ ಇದು. ಕೇಳುವವರದು ತಪ್ಪಿಲ್ಲ. ಕಿಸೆಯಲ್ಲಿ ಫೋನ್ ಇಟ್ಟುಕೊಂಡು, ಒಬ್ಬರಿಂದ ಎತ್ತಲಾಗದ ಮಾನಿಟರಿನ ಮುಂದೆ ಐದು ನಿಮಿಷ ಕಾಯುತ್ತ ಕೂತವರನ್ನು ಕಂಡರೆ ಯಾರಿಗಾದರೂ ನಗು ಬರುತ್ತದೆ.

ಮೊದಲನೇ ಉತ್ತರ ಸರಳ. ನಮಗೆ ಅದು ಖುಷಿ ಕೊಡುತ್ತದೆ. ಸ್ವಿಚ್ ಒತ್ತಿದಾಗ ಫ್ಯಾನ್ ಗುಂಯ್ ಅನ್ನುತ್ತದೆ, ಮೆಮೊರಿ ಎಣಿಕೆ ಪರದೆ ಮೇಲೆ ಓಡುತ್ತದೆ, ಫ್ಲಾಪಿ ಡ್ರೈವ್ ಗರಗರ ಎಂದು ಒಮ್ಮೆ ಕೆಮ್ಮುತ್ತದೆ. ಒಳಗಿನ ಬಿಲ್ಲೆ ಬ್ಯಾಟರಿ ಸತ್ತಿದ್ದರೆ ತಾರೀಖು 1980ರ ಜನವರಿ 1 ಎಂದು ತೋರಿಸುವ ಯಂತ್ರಗಳೂ ಇವೆ. ಡಾಸ್ ಎಂಬ ವ್ಯವಸ್ಥೆಗೆ ಕಾಲ ಶುರುವಾಗುವುದೇ ಆ ದಿನದಿಂದ, ಅದಕ್ಕಿಂತ ಹಿಂದೆ ಅದು ಹೋಗುವುದಿಲ್ಲ. ಇಂಥದ್ದನ್ನು ನೋಡಿ ನಗುವವರು ಜಗತ್ತಿನ ತುಂಬ ಇದ್ದಾರೆ. ಅಮೆರಿಕದಲ್ಲಿ 'ಏಟ್ ಬಿಟ್ ಗೈ' ಎಂಬ ಚಾನೆಲ್ ಇಟ್ಟಿರುವ ಡೇವಿಡ್ ಮರೆ ಅವರ ವಿಡಿಯೊಗಳನ್ನು ಲಕ್ಷಗಟ್ಟಲೆ ಜನ ನೋಡುತ್ತಾರೆ. ನಮ್ಮದನ್ನು ಅಷ್ಟು ಜನ ನೋಡುವುದಿಲ್ಲ, ಇರಲಿ.

ಎರಡನೇ ಉತ್ತರ ಸ್ವಲ್ಪ ಉದ್ದದ್ದು. ಅದನ್ನು ಹೇಳಲೆಂದೇ ಈ ಬರಹ.

ಮೊದಲು ಪುಸ್ತಕದ ಮಾತು. ಹೊಸ ಫೋನ್ ಕೊಂಡರೆ ಡಬ್ಬಿಯಲ್ಲಿ ಏನು ಸಿಗುತ್ತದೆ? ಇರುವೆಯಂಥ ಅಕ್ಷರದ ಒಂದು ಮಡಿಕೆ ಚೀಟಿ. ಬಿಚ್ಚಬೇಡಿ, ಬಿಚ್ಚಿದರೆ ವಾರಂಟಿ ಇಲ್ಲ ಎನ್ನುವುದೇ ಅದರ ಸಾರ. 1981ರಲ್ಲಿ ಐಬಿಎಂ ತನ್ನ ಮೊದಲ ಪಿಸಿ ತಂದಾಗ ಅದರ ತಾಂತ್ರಿಕ ಕೈಪಿಡಿಯಲ್ಲಿ ಇಡೀ ಸರ್ಕ್ಯೂಟಿನ ನಕ್ಷೆ ಇತ್ತು, ಯಂತ್ರ ಏಳುವಾಗ ಓಡುವ ಮೂಲ ಪ್ರೋಗ್ರಾಮಿನ ಸಾಲು ಸಾಲೂ ಅಚ್ಚಾಗಿತ್ತು. 1982ರಲ್ಲಿ ಬಂದ ಕಮೋಡೋರ್ 64ರ ಪ್ರೋಗ್ರಾಮರ್ ಕೈಪಿಡಿಯ ಕೊನೆಗೆ ಬಿಚ್ಚಿ ಹಾಸಬಹುದಾದ ಸರ್ಕ್ಯೂಟ್ ನಕ್ಷೆಯನ್ನೇ ಅಂಟಿಸಿದ್ದರು. ಕೊಂಡವನು ಬಳಸುತ್ತಾನೆ, ಕೆಟ್ಟರೆ ಬಿಚ್ಚುತ್ತಾನೆ, ಬೇಕೆಂದರೆ ಹೊಸದನ್ನು ಬರೆಯುತ್ತಾನೆ ಎಂಬ ನಂಬಿಕೆ ಆ ಪುಸ್ತಕಗಳಲ್ಲಿದೆ. ನಮ್ಮ ಕಡೆ ಹೊಲದ ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿ ತೆರೆದರೆ ಮುಚ್ಚಳದ ಒಳಗೆ ವೈರಿಂಗ್ ನಕ್ಷೆ ಅಂಟಿಸಿರುತ್ತಾರಲ್ಲ, ಅದೇ ಮರ್ಯಾದೆ. ರೈತನಿಗೆ ಕೊಟ್ಟ ಆ ಮರ್ಯಾದೆಯನ್ನು ಫೋನ್ ಕಂಪನಿಗಳು ನಮಗ್ಯಾರಿಗೂ ಕೊಡುತ್ತಿಲ್ಲ.

ಭಾರತದ ಶಾಲೆಗಳಿಗೂ ಇಂಥ ಯಂತ್ರ ಬಂದಿದ್ದವು. 1984-85ರಲ್ಲಿ ಕೇಂದ್ರ ಸರ್ಕಾರ 'ಕ್ಲಾಸ್' ಎಂಬ ಯೋಜನೆ ಶುರು ಮಾಡಿ ಇಂಗ್ಲೆಂಡಿನ ಬಿಬಿಸಿ ಮೈಕ್ರೊ ಕಂಪ್ಯೂಟರುಗಳನ್ನು ಪ್ರೌಢಶಾಲೆಗಳಿಗೆ ಹಂಚಿತು. ಆ ಯಂತ್ರದ ದಪ್ಪನೆಯ ಕೈಪಿಡಿ ಇವತ್ತು ಇಂಟರ್ನೆಟ್ ಆರ್ಕೈವ್ ಎಂಬ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಓದಿದರೆ ಬೇಸಿಕ್ ಭಾಷೆ ಮನೆಯಲ್ಲೇ ಕೂತು ಕಲಿಯಬಹುದು. ನಮ್ಮಲ್ಲಿ ಒಬ್ಬರು ಕಲಿತದ್ದೇ ಹಾಗೆ.

ಇಂಗ್ಲಿಷ್ ಕೈಪಿಡಿಗಳನ್ನು ಕಾಯುವವರು ಇದ್ದಾರೆ. ಕನ್ನಡದ ವಿಷಯಕ್ಕೆ ಬಂದರೆ ಕಥೆ ಬೇರೆ.

ಈಗ ನೀವು ಫೋನಿನಲ್ಲಿ ಓದುತ್ತಿರುವ ಕನ್ನಡ ಯೂನಿಕೋಡ್ ಕನ್ನಡ. ಇದರಲ್ಲಿ 'ಕ' ಎಂದರೆ ಜಗತ್ತಿನ ಎಲ್ಲ ಯಂತ್ರಕ್ಕೂ 'ಕ'ನೇ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ನಮ್ಮ ಊರುಗಳ ಅಂಗಡಿ, ಕಚೇರಿ, ಮುದ್ರಣಾಲಯಗಳಿಗೆ ಅದು ಮುಟ್ಟಲು ಬಹಳ ವರ್ಷ ಹಿಡಿಯಿತು. ನಡುವಿನ ಕಾಲವೆಲ್ಲ ನಡೆದದ್ದು ಫಾಂಟಿನ ಮೇಲೆ. ಶ್ರೀಲಿಪಿ, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ. ಇವುಗಳಿಂದಲೇ ಕನ್ನಡ ಕಂಪ್ಯೂಟರಿಗೆ ಇಳಿಯಿತು. ಆದರೆ ಆಗಿನ ಜುಗಾಡು ಏನೆಂದರೆ, ಇಂಗ್ಲಿಷ್ ಅಕ್ಷರಗಳ ಮತ್ತು ಗುರುತುಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದರು. ನುಡಿಯ ಹಳೆ ಕಡತವನ್ನು ಆ ಫಾಂಟ್ ಇಲ್ಲದ ಕಡೆ ತೆರೆದು ನೋಡಿ. 'ಕನ್ನಡ' ಎಂಬ ಪದದ ಜಾಗದಲ್ಲಿ ಒಂದು ಪಿ, ತಲೆ ಮೇಲೆ ಗೆರೆ ಹೊತ್ತ ಎ, ನಡುವೆ ಇಂಗ್ಲೆಂಡಿನ ಪೌಂಡ್ ರೊಕ್ಕದ ಗುರುತು, ಒಂದು ಕ್ಯೂ, ಹೀಗೆ ಸಂತೆಯೇ ಸೇರಿರುತ್ತದೆ. ಕಡತ ಕೆಟ್ಟಿಲ್ಲ, ಓದುವ ಕಣ್ಣು ಯಂತ್ರಕ್ಕಿಲ್ಲ, ಅಷ್ಟೆ.

ಶ್ರೀಲಿಪಿಯದು ಇನ್ನೊಂದು ತೊಡಕು. ಅದನ್ನು ಓಡಿಸಲು ಕಂಪ್ಯೂಟರಿನ ಹಿಂದೆ ಪ್ರಿಂಟರ್ ಚುಚ್ಚುವ ಜಾಗಕ್ಕೆ ಬೀಗದಂಥ ಒಂದು ತುಂಡನ್ನು ಸಿಕ್ಕಿಸಬೇಕಿತ್ತು. ಅದು ಕಳೆದರೆ ತಂತ್ರಾಂಶ ತೆರೆಯುವುದಿಲ್ಲ. ಡಿಟಿಪಿಯವರು ಅದನ್ನು ಬಂಗಾರದಂತೆ ಕಾಯುತ್ತಿದ್ದರು. ಪುಟ ಕಟ್ಟುತ್ತಿದ್ದ ಪೇಜ್‌ಮೇಕರಿನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಆ ಕಡತ ಫೋನಿಗೆ ಕಳಿಸಿದರೆ ಫೋನ್ ತೆರೆಯಲು ಒಪ್ಪುವುದೇ ಇಲ್ಲ.

ಹಾಗಾದರೆ ಆ ಕಡತಗಳಲ್ಲಿ ಇರುವುದೇನು?

ತಾಲ್ಲೂಕಿನ ಡಿಟಿಪಿ ಅಂಗಡಿಗಳಲ್ಲಿ ಟೈಪ್ ಆದದ್ದನ್ನು ನೆನೆಸಿಕೊಳ್ಳಿ. ಜಾತ್ರೆಯ ಕರಪತ್ರ, ಲಗ್ನಪತ್ರಿಕೆ, ಶಾಲೆಯ ಬೆಳ್ಳಿ ಹಬ್ಬದ ಸ್ಮರಣ ಸಂಚಿಕೆ, ಭಜನಾ ಮೇಳದ ಪದಗಳ ಪುಸ್ತಕ, ಮಠದ ಇತಿಹಾಸ. ಎಲ್ಲಕ್ಕಿಂತ ಹೆಚ್ಚಾಗಿ ಹಳ್ಳಿಯ ನಾಟಕಗಳು. ನಮ್ಮ ಕಡೆ ಜಾತ್ರೆಗೊಂದು ನಾಟಕ ಆಡದ ಊರಿಲ್ಲ. ಅವುಗಳನ್ನು ಬರೆದ ಕವಿಗಳು ಇದ್ದಾರೆ, ಹೋಗಿದ್ದಾರೆ. ಅಚ್ಚಾದ ಪ್ರತಿಗಳು ತಾಲೀಮಿನಲ್ಲೇ ಹರಿದು ಹೋದವು. ಉಳಿದಿದ್ದರೆ ಯಾವುದೋ ಅಂಗಡಿಯ ಅಟ್ಟದ ಮೇಲಿನ ಹಾರ್ಡ್ ಡಿಸ್ಕಿನಲ್ಲಿ, 1.44 ಎಂಬಿ ಹಿಡಿಯುವ ಫ್ಲಾಪಿಯಲ್ಲಿ ಉಳಿದಿರಬೇಕು. ಆ ಅಂಗಡಿ ಈಗ ಮೊಬೈಲ್ ರಿಚಾರ್ಜಿಗೂ ಫ್ಲೆಕ್ಸ್ ಬ್ಯಾನರಿಗೂ ತಿರುಗಿದೆ. ಅಟ್ಟದ ಡಬ್ಬಿ ಗುಜರಿಯವನ ತಕ್ಕಡಿಗೆ ಕಾಯುತ್ತಿದೆ. ತೂಕಕ್ಕೆ ಕೊಟ್ಟರೆ ಬರುವುದು ಒಂದು ಹೊತ್ತಿನ ಚಹಾ ಚೂಡಾದ ರೊಕ್ಕ.

ಇದನ್ನು ತಂಗಡಗಿಯಲ್ಲಿ ಹೇಳುವಾಗ ನಮಗೊಂದು ಅನುಕೂಲವಿದೆ. ಇಲ್ಲಿಯ ಕೃಷ್ಣೆಯ ದಂಡೆ ಶರಣೆ ನೀಲಮ್ಮ ಐಕ್ಯಳಾದ ಜಾಗ ಎಂದು ಜನ ನಂಬುತ್ತಾರೆ, ನದಿಯಾಚೆ ಕೂಡಲಸಂಗಮ. ನೀಲಮ್ಮನ ವಚನ ಇವತ್ತು ನಮ್ಮ ಬಾಯಲ್ಲಿ ಇರುವುದು ಯಾರಿಂದ? ವಿಜಯಪುರದಲ್ಲಿ ವಕೀಲಿಕೆ ಮಾಡುತ್ತಿದ್ದ ಫ.ಗು. ಹಳಕಟ್ಟಿಯವರು ಮನೆ ಮನೆ, ಮಠ ಮಠ ತಿರುಗಿ ವಚನಗಳ ತಾಳೆಗರಿ ಕಟ್ಟುಗಳನ್ನು ಕೂಡಿಸಿದರು. 1923ರಲ್ಲಿ 'ವಚನಶಾಸ್ತ್ರಸಾರ' ತಂದರು. ಹಿತಚಿಂತಕ ಮುದ್ರಣಾಲಯ ನಡೆಸಲು ಇದ್ದ ಮನೆಯನ್ನೇ ಮಾರಿದರು. ಜಗಲಿಯ ಮೇಲೆ ಪೂಜೆಗಿಟ್ಟ ಕಟ್ಟನ್ನು ಬಿಚ್ಚಿ ಓದಲು ಕೊಡಿ ಎಂದು ಕೇಳಿದಾಗ ಅವರನ್ನೂ ಜನ ವಿಚಿತ್ರವಾಗಿಯೇ ನೋಡಿರಬೇಕು.

ನಾವು ಹಳಕಟ್ಟಿಯವರ ಕಾಲಧೂಳಿಗೂ ಸಮವಲ್ಲ. ಆದರೆ ಒಂದು ಲೆಕ್ಕ ಮಾತ್ರ ನೋಡಿ. ತಾಳೆಗರಿ ನೂರಾರು ವರ್ಷ ಕಳೆದ ಮೇಲೂ ಬರೀ ಕಣ್ಣಿಗೆ ಕಾಣುತ್ತಿತ್ತು, ಹಳೆ ಅಕ್ಷರ ಬಲ್ಲವರು ಸಿಕ್ಕರೆ ಸಾಕಿತ್ತು. ಇಪ್ಪತ್ತೈದು ವರ್ಷದ ಫ್ಲಾಪಿಯನ್ನು ಬೆಳಕಿಗೆ ಹಿಡಿದರೆ ಕಾಣುವುದು ಕಂದು ಬಣ್ಣದ ತಟ್ಟೆ ಮಾತ್ರ. ಅದಕ್ಕೆ ಡ್ರೈವ್ ಬೇಕು, ಡ್ರೈವಿಗೆ ಯಂತ್ರ ಬೇಕು, ಯಂತ್ರಕ್ಕೆ ತಂತ್ರಾಂಶ ಬೇಕು, ತಂತ್ರಾಂಶಕ್ಕೆ ಕೈಪಿಡಿ ಬೇಕು. ಸೋನಿ ಕಂಪನಿ 2011ರಲ್ಲೇ ಫ್ಲಾಪಿ ಮಾಡುವುದನ್ನು ನಿಲ್ಲಿಸಿತು. ಜಪಾನ್ ಸರ್ಕಾರ ಫ್ಲಾಪಿಯಲ್ಲೇ ಕಡತ ಕೊಡಬೇಕೆಂಬ ನಿಯಮಗಳನ್ನು ಪೂರ್ತಿ ತೆಗೆದದ್ದು 2024ರಲ್ಲಿ, ಅದೂ ಒಂದು ತಮಾಷೆ.

ಹಳೆ ಫಾಂಟಿನಿಂದ ಕನ್ನಡವನ್ನು ಹೊರತೆಗೆದರೆ ಏನಾಗುತ್ತದೆ ಎನ್ನುವುದಕ್ಕೂ ವಚನಗಳೇ ಸಾಕ್ಷಿ. 'ವಚನ ಸಂಚಯ' ಎಂಬ ತಾಣದಲ್ಲಿ 20,000ಕ್ಕೂ ಹೆಚ್ಚು ವಚನಗಳನ್ನು ಯಾರು ಬೇಕಾದರೂ ಹುಡುಕಿ ಓದಬಹುದು. ಹಳೆಯ ರೀತಿಯ ಕಡತಗಳಲ್ಲಿದ್ದ ಪಠ್ಯವನ್ನು ಯೂನಿಕೋಡಿಗೆ ತಿರುಗಿಸಿ ಕೆಲವು ಉತ್ಸಾಹಿಗಳು ಇದನ್ನು ಕಟ್ಟಿದರು. ನೀಲಮ್ಮನ ವಚನ ಈಗ ಹೊಲದ ಬದುವಿನ ಮೇಲೆ ಕೂತವರ ಫೋನಿಗೂ ಬರುತ್ತದೆ. ವಚನಗಳಿಗೆ ಅಂಥವರು ಸಿಕ್ಕರು. ಊರ ನಾಟಕಕ್ಕೆ ಊರವರೇ ಆಗಬೇಕು.

ಇನ್ನೊಂದು ಕಳೆದುಹೋಗುತ್ತಿದೆ, ಅದು ಡಬ್ಬಿಯಲ್ಲಿ ಇರುವುದಲ್ಲ, ಕೈಬೆರಳಲ್ಲಿ ಇರುವುದು. ಹಳೆ ಡಿಟಿಪಿ ಆಪರೇಟರ್ ಒಬ್ಬರ ಮುಂದೆ ಕೀಬೋರ್ಡ್ ಇಟ್ಟು ನೋಡಿ. ಕೆ, ಎನ್, ಎಫ್, ಎನ್, ಡಬ್ಲ್ಯೂ ಎಂದು ಐದು ಏಟಿಗೆ 'ಕನ್ನಡ' ಮೂಡುತ್ತದೆ. ನಡುವಿನ ಎಫ್ ಒತ್ತಕ್ಷರದ ಕೊಂಡಿ. ಈ ವಿನ್ಯಾಸ ಕೊಟ್ಟವರು ಕೆ.ಪಿ. ರಾವ್. ಟೈಪ್‌ರೈಟರಿನ ಹಾಗೆ ಅಕ್ಷರದ ಆಕಾರ ನೆನಪಿಡುವ ಬದಲು ಉಚ್ಚಾರದ ದಾರಿಯಲ್ಲಿ ಟೈಪ್ ಮಾಡುವಂತೆ ಮಾಡಿದರು. ಅದಕ್ಕೆ ಕಾಸು ಕೇಳಲಿಲ್ಲ. ಮುಂದೆ ಅದೇ ಸರ್ಕಾರದ ಮಾನ್ಯತೆ ಪಡೆದು ನುಡಿಯ ಮೂಲಕ ಕಚೇರಿ ಕಚೇರಿಗೂ ಹೋಯಿತು. ಫೋನಿನಲ್ಲಿ ಮಾತಾಡಿ ಟೈಪ್ ಮಾಡುವ ಹುಡುಗರಿಗೆ ಆ ವೇಗ ಕಂಡರೆ ಜಾದೂ ಅನಿಸುತ್ತದೆ. ನಮ್ಮ ವಿಡಿಯೊಗಳಲ್ಲಿ ಮುಖಕ್ಕಿಂತ ಬೆರಳು ಹೆಚ್ಚು ಕಾಣುವುದು ಇದಕ್ಕೇ.

ಹಿರಿಯರು ಕಂಪ್ಯೂಟರ್ ಮೊದಲು ಕಂಡದ್ದು ಎಲ್ಲಿ ಎಂದು ಕೇಳಿದರೂ ಒಳ್ಳೆಯ ಮಾತು ಸಿಗುತ್ತವೆ. ಅನೇಕರಿಗೆ ಅದು ತಹಶೀಲ್ದಾರ್ ಕಚೇರಿಯ ಭೂಮಿ ಕೇಂದ್ರ. ತಲಾಟಿಯವರ ಕೈಬರಹದ ಉತಾರ ಹೋಗಿ, 15 ರೂಪಾಯಿಗೆ ಅಚ್ಚಾದ ಉತಾರ ಬಂದ ಕಾಲ. ಸುಮಾರು 2 ಕೋಟಿ ಪಹಣಿಗಳು ಕನ್ನಡದಲ್ಲೇ ಕಂಪ್ಯೂಟರಿಗೆ ಏರಿದವು. ರೈತನ ಕಡೆಗೆ ಮುಖ ಮಾಡಿದ ಎರಡನೇ ಪರದೆಯನ್ನೂ ಆ ಕೇಂದ್ರಗಳಲ್ಲಿ ಇಟ್ಟಿದ್ದರು, ತನ್ನ ಹೊಲದ ದಾಖಲೆ ತಾನೇ ನೋಡಲೆಂದು. ಆ ಎರಡನೇ ಪರದೆಯ ಬಗ್ಗೆ ಒಂದು ಇಡೀ ವಿಡಿಯೊ ಮಾಡಬಹುದು.

ನಾವು ಹೇಳುತ್ತಿರುವುದು ಕಸ ಕೂಡಿಡಿ ಎಂದಲ್ಲ. ಹಳೆ ಯಂತ್ರಕ್ಕೆ ಸಾವಿರಾರು ರೂಪಾಯಿ ಕೊಟ್ಟು ಕಪಾಟಿನಲ್ಲಿ ಸಾಲಾಗಿ ನಿಲ್ಲಿಸುವ ಶೋಕಿ ನಮಗೆ ಹಿಡಿಸುವುದಿಲ್ಲ. ದಪ್ಪ ಮಾನಿಟರಿನ ಗಾಜಿನಲ್ಲಿ ಸೀಸ ಇರುತ್ತದೆ, ಅದನ್ನು ಹಿತ್ತಲಲ್ಲಿ ಇಡುವುದೂ ಒಳ್ಳೆಯದಲ್ಲ, ಒಡೆಯುವುದಂತೂ ಬೇಡ. ತಾಮ್ರಕ್ಕಾಗಿ ವೈರ್ ಸುಡುವವರನ್ನು ಕಂಡರೆ ತಡೆಯಿರಿ. ನಮ್ಮ ಆಸೆ ಇಷ್ಟೇ: ಡಬ್ಬಿ ಹೋಗಲಿ, ಹಾರ್ಡ್ ಡಿಸ್ಕು, ಫ್ಲಾಪಿ, ಸಿಡಿ, ಆ ಬೀಗದ ತುಂಡು ಮತ್ತು ಪುಸ್ತಕ ಉಳಿಯಲಿ.

ಕೆಲಸ ಶುರು ಮಾಡುವವರಿಗೆ ಒಂದಿಷ್ಟು ಮಾತು. ಹಳೆ ಹಾರ್ಡ್ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ಆನ್‌ಲೈನಿನಲ್ಲಿ ಸಿಗುತ್ತದೆ, ಪವರ್ ಸಪ್ಲೈ ಜೊತೆಗಿರುವುದನ್ನೇ ತಗೊಳ್ಳಿ. ಯುಎಸ್‌ಬಿ ಫ್ಲಾಪಿ ಡ್ರೈವೂ ಸಿಗುತ್ತದೆ. ಫ್ಲಾಪಿಯ ಲೋಹದ ಬಾಗಿಲು ಸರಿಸಿ ನೋಡಿ, ತಟ್ಟೆಯ ಮೇಲೆ ಬೂಸ್ಟು ಹಿಡಿದಿದ್ದರೆ ಡ್ರೈವಿಗೆ ಹಾಕಬೇಡಿ. ಬರಹ, ನುಡಿ ಕಡತಗಳನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಪುಕ್ಕಟೆ ಇವೆ. ಒತ್ತಕ್ಷರ, ಅರ್ಕಾವೊತ್ತು ಅಲ್ಲಲ್ಲಿ ತಪ್ಪುತ್ತವೆ, ಕೂತು ತಿದ್ದಬೇಕು. ದಪ್ಪ ಮಾನಿಟರಿನ ಹಿಂಬದಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ಜೀವ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು. ಅದರ ಪರದೆಯನ್ನು ಫೋನಿನಲ್ಲಿ ಚಿತ್ರೀಕರಿಸಿದರೆ ಕಪ್ಪು ಪಟ್ಟಿ ಓಡುತ್ತದೆ. ಕ್ಯಾಮೆರಾದ ಪ್ರೊ ಮೋಡಿನಲ್ಲಿ ಶಟರನ್ನು 1/60ಕ್ಕೆ ಇಟ್ಟರೆ ಬಹುಮಟ್ಟಿಗೆ ನಿಲ್ಲುತ್ತದೆ.

ಡಿಟಿಪಿ ಅಂಗಡಿಯ ಡಿಸ್ಕಿನಲ್ಲಿ ನಾಟಕದ ಪಕ್ಕದಲ್ಲೇ ಯಾರದ್ದೋ ಸಾಲದ ಬಾಂಡು, ವಾಟ್ನಿ ಪತ್ರ, ಹೆಣ್ಣುಮಕ್ಕಳ ಬಯೋಡಾಟಾ ಇರುತ್ತವೆ. ಅವು ವಿಡಿಯೊಗೆ ಬರಬಾರದು. ಅಂಗಡಿಯವರ ಎದುರಿಗೇ ಅವನ್ನು ಅಳಿಸಿ, ಬೇಕಾದದ್ದನ್ನಷ್ಟೇ ನಕಲು ಮಾಡಿಕೊಳ್ಳುವುದು ನಾವು ಇಟ್ಟುಕೊಂಡ ನಿಯಮ. ನಾಟಕವಾದರೂ ಬರೆದವರ ಮನೆಯವರನ್ನು ಕೇಳದೆ ಹಾಕುವುದಿಲ್ಲ.

ನಿಮ್ಮ ಮನೆಯಲ್ಲಿ, ಅಂಗಡಿಯಲ್ಲಿ ನುಡಿ, ಬರಹ, ಶ್ರೀಲಿಪಿ ಕಲಿಸುವ ಹಳೆ ಪುಸ್ತಕ ಇದ್ದರೆ, ತರಬೇತಿ ಕೇಂದ್ರದ ನೋಟ್ಸ್ ಇದ್ದರೆ, ಕೀಲಿಮಣೆಯ ನಕ್ಷೆಯನ್ನು ರಟ್ಟಿಗೆ ಅಂಟಿಸಿ ಇಟ್ಟುಕೊಂಡಿದ್ದರೆ ಪುಟ ಪುಟವನ್ನೂ ಹಗಲ ಬೆಳಕಿನಲ್ಲಿ ಫೋಟೊ ತೆಗೆದಿಡಿ. ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡದ್ದನ್ನೂ ಬಿಡಬೇಡಿ, ನಮಗೆ ಅದೇ ಹೆಚ್ಚು ಬೇಕು.