ಪರದೇಶದ ವಿದ್ಯಾರ್ಥಿಯೂ ಬಿಡುವಿನ ದಿನವೂ

‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬ ಹಿರಿಯರ ಮಾತನ್ನು ಶಾಲೆಯ ಭಾಷಣಗಳಲ್ಲಿ ಕೇಳದೆ ಬೆಳೆದ ಕನ್ನಡ ವಿದ್ಯಾರ್ಥಿ ವಿರಳ. ಆದರೆ ಅದೇ ವಿದ್ಯಾರ್ಥಿಯು ಸ್ನಾತಕೋತ್ತರ ವ್ಯಾಸಂಗಕ್ಕಾಗಿ ಕಡಲಾಚೆಗೆ ಹೊರಟು ನಿಂತಾಗ ಈ ಗಾದೆಯ ಮೊದಲರ್ಧ ಎಲ್ಲರಿಗೂ ಮರೆತುಹೋಗುತ್ತದೆ. ‘ತಿರುಗಾಟಕ್ಕೆ ಮನಸ್ಸು ಕೊಡಬೇಡಪ್ಪಾ, ಓದಿನ ಮೇಲೆ ಲಕ್ಷ್ಯವಿರಲಿ’ ಎಂದು ತಂದೆ ಹೇಳುತ್ತಾನೆ. ನೆರವು ನೀಡಿದ ದಾನಿಗಳಿಗೂ ಅದೇ ಆಸೆ. ಆ ವಿದ್ಯಾರ್ಥಿಯು ಭಾನುವಾರ ಕಾಡಿನ ದಾರಿಯಲ್ಲಿ ತೆಗೆಸಿಕೊಂಡ ಛಾಯಾಚಿತ್ರ ಊರಿಗೆ ತಲುಪಿದರೆ, ‘ಓದಲು ಹೋದನೋ, ಮೋಜು ಮಾಡಲು ಹೋದನೋ’ ಎಂಬ ಪ್ರಶ್ನೆ ಏಳುತ್ತದೆ. ಈ ಕಾಳಜಿ ಪ್ರೀತಿಯಿಂದ ಹುಟ್ಟಿದ್ದೆಂಬುದು ನಿಜ. ಆದರೆ ಅದು ಅರ್ಧಸತ್ಯವನ್ನು ಮಾತ್ರ ಆಧರಿಸಿದೆ.

ದಕ್ಷಿಣ ಜರ್ಮನಿಯ ಟ್ಯೂಬಿಂಗೆನ್ ನಗರವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ನೆಕಾರ್ ನದಿಯ ದಂಡೆಯ ಮೇಲಿನ ಈ ಊರಿನಲ್ಲಿ ೧೪೭೭ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾಲಯವಿದೆ. ಕನ್ನಡಿಗರಿಗೆ ಇದು ತೀರ ಅಪರಿಚಿತ ಸ್ಥಳವಲ್ಲ. ೧೮೪೩ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿ, ಮುಂದೆ ಬಸವಪುರಾಣ, ಜೈಮಿನಿ ಭಾರತಗಳನ್ನು ಅಚ್ಚಿಗೆ ತಂದ ಹೆರ್ಮನ್ ಮೋಗ್ಲಿಂಗ್ ಓದಿದ್ದು ಇಲ್ಲಿಯೇ. ೧೮೯೪ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದ ಫರ್ಡಿನಂಡ್ ಕಿಟ್ಟೆಲ್ ಅವರಿಗೆ ೧೮೯೬ರಲ್ಲಿ ಗೌರವ ಡಾಕ್ಟರೇಟ್ ನೀಡಿದ್ದೂ ಇದೇ ವಿಶ್ವವಿದ್ಯಾಲಯ. ೧೯೦೩ರಲ್ಲಿ ಅವರು ಕೊನೆಯುಸಿರೆಳೆದದ್ದೂ ಇದೇ ಊರಿನಲ್ಲಿ.

ಇಲ್ಲಿಗೆ ಬಂದಿಳಿದ ಭಾರತೀಯ ವಿದ್ಯಾರ್ಥಿಗೆ ಮೊದಲ ಪಾಠ ಕಲಿಸುವುದು ಭಾನುವಾರ. ಅಂದು ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಶನಿವಾರವೇ ರೊಟ್ಟಿ, ಹಾಲು, ತರಕಾರಿ ತಂದಿಡದವನು ಇದ್ದುದರಲ್ಲಿಯೇ ದಿನ ಕಳೆಯಬೇಕು. ಇದು ಕೇವಲ ರೂಢಿಯಲ್ಲ. ಭಾನುವಾರದ ವಿಶ್ರಾಂತಿಯನ್ನು ೧೯೧೯ರ ಜರ್ಮನ್ ಸಂವಿಧಾನವು ರಕ್ಷಿಸಿತು, ೧೯೪೯ರ ಸಂವಿಧಾನವು ಆ ವಿಧಿಯನ್ನು ಹಾಗೆಯೇ ಉಳಿಸಿಕೊಂಡಿತು. ಕೆಲಸಕ್ಕೆ ಹೆಸರಾದ ಒಂದು ಜನಾಂಗ ವಿಶ್ರಾಂತಿಗೆ ಕಾನೂನಿನ ಕಾವಲು ಇಟ್ಟಿದೆಯೆಂದರೆ, ವಿಶ್ರಾಂತಿಯನ್ನು ಸೋಮಾರಿತನವೆಂದು ಅದು ಬಗೆದಿಲ್ಲವೆಂದೇ ಅರ್ಥ. ಅಂದು ಮನೆಮಂದಿಯೆಲ್ಲ ನಡೆಯಲು ಹೊರಡುತ್ತಾರೆ. ಕೋಣೆಯ ಬಾಗಿಲು ಹಾಕಿಕೊಂಡು ಕುಳಿತ ವಿದ್ಯಾರ್ಥಿಗೆ ಮಾತ್ರ ಊರೆಲ್ಲ ನಿರ್ಜನವಾದಂತೆ ತೋರುತ್ತದೆ.

ಹೊರಗೆ ಹೊರಟವನಿಗೆ ಕಾಣುವುದೇನು? ಊರಿನಿಂದ ಐದಾರು ಕಿಲೋಮೀಟರು ನಡೆದರೆ, ಶೋನ್‌ಬುಖ್ ಅರಣ್ಯದ ಅಂಚಿನಲ್ಲಿ ಬೇಬೆನ್‌ಹೌಸೆನ್ ಎಂಬ ಹಳೆಯ ಮಠವಿದೆ. ೧೨ನೆಯ ಶತಮಾನದ ಉತ್ತರಾರ್ಧದಲ್ಲಿ ಕಟ್ಟಲಾರಂಭಿಸಿದ ಈ ಮಠವು ಮುಂದೆ ಅರಮನೆಯಾಯಿತು. ವುರ್ಟೆಂಬರ್ಗಿನ ಕೊನೆಯ ಅರಸನು ೧೯೨೧ರಲ್ಲಿ ತೀರಿಕೊಂಡದ್ದು ಇಲ್ಲಿಯೇ. ಎರಡನೆಯ ಮಹಾಯುದ್ಧದ ನಂತರ, ೧೯೪೭ರಿಂದ ೧೯೫೨ರವರೆಗೆ, ಒಂದು ರಾಜ್ಯದ ಶಾಸನಸಭೆ ಇದೇ ಕಟ್ಟಡದಲ್ಲಿ ಕೂಡಿತು. ಸಂನ್ಯಾಸಿಗಳು, ಅರಸ, ಪ್ರಜಾಪ್ರತಿನಿಧಿಗಳು ಒಂದೇ ಸೂರಿನಡಿ ಒಬ್ಬರ ನಂತರ ಒಬ್ಬರು ಬಾಳಿ ಹೋದದ್ದನ್ನು ಅರ್ಧ ದಿನದ ನಡಿಗೆಯಲ್ಲಿ ಕಂಡವನಿಗೆ ಆ ನಾಡಿನ ಇತಿಹಾಸ ಬೇರೊಂದು ರೀತಿಯಲ್ಲಿ ಮನವರಿಕೆಯಾಗುತ್ತದೆ.

ಊರೊಳಗೆ, ನದಿಯ ಮಗ್ಗುಲಲ್ಲಿ, ಹಳದಿ ಬಣ್ಣದ ಗೋಪುರವೊಂದಿದೆ. ಬುದ್ಧಿಭ್ರಮಣೆಗೆ ಒಳಗಾಗಿದ್ದ ಕವಿ ಹೋಲ್ಡರ್ಲಿನ್ ೧೮೦೭ರಿಂದ ೧೮೪೩ರವರೆಗೆ, ಮೂವತ್ತಾರು ವರ್ಷ, ಅಲ್ಲಿ ವಾಸವಾಗಿದ್ದನು. ಅವನನ್ನು ಮನೆಗೆ ಕರೆತಂದು ಸಾಕಿದವನು ಎರ್ನ್‌ಸ್ಟ್ ಝಿಮ್ಮರ್ ಎಂಬ ಬಡಗಿ. ಕವಿಯ ಕಾದಂಬರಿಯನ್ನು ಓದಿ ಮೆಚ್ಚಿದ್ದ ಆ ಬಡಗಿ ಕಾಲವಾದ ಬಳಿಕ ಅವನ ಮಗಳು ಆ ಸೇವೆಯನ್ನು ಮುಂದುವರಿಸಿದಳು. ಸಾಹಿತ್ಯವು ಸಾಮಾನ್ಯನ ಮನೆಯಲ್ಲಿ ಯಾವ ಕೆಲಸ ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕೆ?

ಇನ್ನು ಹಬ್ಬಗಳ ಮಾತು. ೧೯೫೬ರಿಂದ ನಡೆದುಬಂದಿರುವ ವಿದ್ಯಾರ್ಥಿಗಳ ದೋಣಿ ಸ್ಪರ್ಧೆಯೊಂದು ಬೇಸಿಗೆಯ ಆರಂಭದಲ್ಲಿ, ಕ್ರೈಸ್ತರ ಹಬ್ಬದ ರಜೆಯಾದ ಒಂದು ಗುರುವಾರ, ನೆಕಾರ್ ನದಿಯಲ್ಲಿ ಜರುಗುತ್ತದೆ. ಚಪ್ಪಟೆ ತಳದ ಉದ್ದನೆಯ ದೋಣಿಗಳನ್ನು ಮರದ ಗಳದಿಂದ ನೂಕುತ್ತ ನಡುಗಡ್ಡೆಯನ್ನು ಸುತ್ತಿ ಬರಬೇಕು. ಕೊನೆಗೆ ಬಂದ ತಂಡದವರು ಎಲ್ಲರೆದುರು ಮೀನೆಣ್ಣೆ ಕುಡಿಯಬೇಕು. ಮರುವರ್ಷದ ಸ್ಪರ್ಧೆಯ ವ್ಯವಸ್ಥೆಯೂ ಅವರ ಹೊಣೆಯೇ. ಶಾಕಾಹಾರಿ ವಿದ್ಯಾರ್ಥಿಗೆ ದಂಡೆಯ ಮೇಲಿನ ಸ್ಥಳವೇ ಕ್ಷೇಮ! ಆದರೂ ಸೋತವರಿಗೆ ಮುಂದಿನ ಸಲದ ಯಜಮಾನಿಕೆ ವಹಿಸುವ ಈ ಕ್ರಮದಲ್ಲಿ ವಿವೇಕವಿದೆ. ಚಳಿಗಾಲದ ಕೊನೆಗೆ, ನಲವತ್ತು ದಿನಗಳ ಉಪವಾಸದ ಅವಧಿಗೆ ಮುಂಚೆ, ರಾಟ್‌ವೈಲ್ ಎಂಬ ಊರಿನಲ್ಲಿ ವೇಷಧಾರಿಗಳು ಸೋಮವಾರ ಬೆಳಿಗ್ಗೆ ಎಂಟಕ್ಕೆ ‘ಕರಿಯ ಹೆಬ್ಬಾಗಿಲ’ ಮೂಲಕ ಕುಣಿಯುತ್ತ ಇಳಿದು ಬರುತ್ತಾರೆ. ಅವರ ಮರದ ಮುಖವಾಡಗಳು ಮನೆತನದ ಆಸ್ತಿ. ಕೆಲವು ೧೮ನೆಯ ಶತಮಾನದವು. ಸೋಮನ ಕುಣಿತ ಕಂಡು ಬೆಳೆದ ಹುಡುಗನಿಗೆ ಅಲ್ಲಿ ಪರಕೀಯತೆ ತಟ್ಟನೆ ಕರಗುತ್ತದೆ.

ಇದಕ್ಕೆ ಆಕ್ಷೇಪಗಳಿಲ್ಲವೆಂದಲ್ಲ. ಆ ರಾಜ್ಯದಲ್ಲಿ ೨೦೧೭ರ ಚಳಿಗಾಲದ ಅವಧಿಯಿಂದ, ಐರೋಪ್ಯ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಗೆ ಅರ್ಧವರ್ಷಕ್ಕೆ ೧೫೦೦ ಯೂರೋ ಶುಲ್ಕ ವಿಧಿಸಲಾಗಿದೆ. ಹೊಲ ಅಡವಿಟ್ಟು ಮಗನನ್ನೋ ಮಗಳನ್ನೋ ಕಳಿಸಿದ ಮನೆಗೆ ಒಂದೊಂದು ಯೂರೋವೂ ಭಾರ. ಹಬ್ಬದ ಹೆಸರಿನಲ್ಲಿ ಮದ್ಯಕ್ಕೆ ಸೋಲುವವರೂ, ಪ್ರತಿ ವಾರ ಬೇರೆ ಬೇರೆ ರಾಜಧಾನಿಗಳಿಗೆ ಹಾರಿ ಚಿತ್ರ ತೆಗೆಸಿಕೊಂಡು ಬರುವುದನ್ನೇ ದೇಶ ಸುತ್ತುವುದೆಂದು ತಿಳಿದವರೂ ಇದ್ದಾರೆ. ಅದನ್ನು ಸಮರ್ಥಿಸಬೇಕಾಗಿಲ್ಲ. ಆದರೆ ಕಾಡಿನ ದಾರಿಗೆ ಶುಲ್ಕವಿಲ್ಲ. ಊರ ಹಬ್ಬಕ್ಕೆ ಚೀಟಿ ಬೇಡ. ದೂರದ ಹತ್ತು ನಗರಗಳಿಗಿಂತ ಹತ್ತಿರದ ಒಂದು ಹಳ್ಳಿ ಹೆಚ್ಚು ಕಲಿಸುತ್ತದೆ.

ಹೆಚ್ಚಿನ ಅಪಾಯವಿರುವುದು ಮನೆ ಬಿಡದ ವಿದ್ಯಾರ್ಥಿಗೆ. ನವೆಂಬರಿನಲ್ಲಿ ಸಂಜೆ ಐದಕ್ಕೆ ಮುಂಚೆಯೇ ಕತ್ತಲಾಗುವ ಆ ದೇಶದಲ್ಲಿ, ಪ್ರಯೋಗ ಕೈಕೊಟ್ಟ ವಾರದ ಕೊನೆಗೆ, ಮಾತನಾಡಿಸುವವರಿಲ್ಲದ ಕೋಣೆಯಲ್ಲಿ ಕುಳಿತವನ ಮನಸ್ಸು ಕುಗ್ಗುತ್ತದೆ. ಅವನು ಅದನ್ನು ಮನೆಗೆ ಹೇಳುವುದಿಲ್ಲ. ಹೇಳಿದರೆ ತಾಯಿ ನೊಂದಾಳೆಂಬ ಅಂಜಿಕೆ. ‘ಎಲ್ಲಾ ಚೆನ್ನಾಗಿದೆ’ ಎಂಬ ಅವನ ಒಂದೇ ಉತ್ತರವನ್ನು ಮನೆಯವರು ನಂಬುತ್ತಾರೆ. ಅಂಥವನನ್ನು ಸಹಪಾಠಿಯೊಬ್ಬ ನಡಿಗೆಗೆ ಕರೆದೊಯ್ದರೆ, ಅದು ಓದಿಗೆ ಅಡ್ಡಿಯಲ್ಲ, ಓದನ್ನು ಉಳಿಸುವ ಉಪಾಯ. ಗೋಷ್ಠಿಯಲ್ಲಿ ಬಾಯಿ ತೆರೆಯಲು ಹಿಂಜರಿಯುವ ವಿದ್ಯಾರ್ಥಿ ಕಾಡಿನ ದಾರಿಯಲ್ಲಿ ತಪ್ಪುತಪ್ಪಾಗಿಯಾದರೂ ಜರ್ಮನ್ ಮಾತನಾಡುತ್ತಾನೆ. ಭಾಷೆ ಬರುವುದೇ ಹಾಗೆ.

ಕಿಟ್ಟೆಲ್ಲರ ನಿಘಂಟನ್ನು ತೆರೆದು ನೋಡಿದರೆ ಪುಟಪುಟದಲ್ಲಿ ಗಾದೆಗಳು ಕಾಣುತ್ತವೆ. ಗಾದೆಗಳ ತವರು ಸಂತೆ, ಕಣ, ಜಗುಲಿ. ಅಲ್ಲಿನವರು ಇಲ್ಲಿಗೆ ಬಂದು, ಈ ಜನರ ಮಾತಿಗೆ ಕಿವಿಗೊಟ್ಟು ಕೋಶ ಕಟ್ಟಿದರು. ಇಲ್ಲಿಂದ ಹೋದವರು ಮಾತ್ರ ಕಿವಿ ಮುಚ್ಚಿಕೊಂಡು ಪದವಿ ಹೊತ್ತು ಮರಳಬೇಕೆನ್ನುವುದು ಯಾವ ನ್ಯಾಯ? ಇಂದು ವಿದೇಶದ ಗ್ರಂಥ, ಸಂಶೋಧನ ಪತ್ರಿಕೆಗಳು ಬಹುಮಟ್ಟಿಗೆ ಗಣಕಯಂತ್ರದ ಪರದೆಯ ಮೇಲೆ ಧಾರವಾಡದಲ್ಲಿಯೂ ದೊರೆಯುತ್ತವೆ. ದೊರೆಯದಿರುವುದು ಆ ಊರು, ಆ ಜನ.

ಆದುದರಿಂದ ವಿದ್ಯಾರ್ಥಿವೇತನ ನೀಡುವ ದಾನಿಗಳು ಅಂಕಪಟ್ಟಿಯ ಜೊತೆಗೆ, ಆ ನಾಡಿನಲ್ಲಿ ಕಂಡುದರ ಬಗ್ಗೆ ಒಂದೆರಡು ಪುಟಗಳ ಬರಹವನ್ನೂ ಕೇಳುವುದು ಲೇಸು. ಅಧ್ಯಾಪಕರು ಹಳೆಯ ಶಿಷ್ಯನಿಗೆ ಬರೆಯುವಾಗ ‘ಪರೀಕ್ಷೆ ಹೇಗಾಯಿತು’ ಎಂಬ ಪ್ರಶ್ನೆಯ ಜೊತೆಗೆ ‘ಯಾವ ಹಬ್ಬ ನೋಡಿದೆ, ಯಾರ ಮನೆಯಲ್ಲಿ ಉಂಡೆ’ ಎಂದೂ ಕೇಳಲಿ. ಎರಡನೆಯ ಪ್ರಶ್ನೆಗೆ ಉತ್ತರ ಬಾರದಿದ್ದರೆ, ಅವನು ಕುಶಲವಾಗಿರುವನೇ ಎಂದು ವಿಚಾರಿಸುವ ಹೊತ್ತು ಬಂದಿದೆಯೆಂದು ತಿಳಿಯಬೇಕು.