ದಂಡನಾಯಕ ಕಟ್ಟಿಸಿದ ಗುಡಿ

ದಾವಣಗೆರೆಯ ನಮ್ಮ ಸರಸ್ವತಿ ನಗರದಿಂದ ಹರಿಹರ ದೂರವೇನಲ್ಲ. ಅಲ್ಲಿಯ ಹರಿಹರೇಶ್ವರ ಗುಡಿಯನ್ನು 1224ರ ಸುಮಾರಿಗೆ ಕಟ್ಟಿಸಿದವನು ಅರಸನೂ ಅಲ್ಲ, ಮಠಾಧಿಪತಿಯೂ ಅಲ್ಲ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ. ಹೊಯ್ಸಳರೂ ಸೇವುಣರೂ ತುಂಗಭದ್ರೆಯ ಈ ಸೀಮೆಗಾಗಿ ಕಾದಾಡುತ್ತಿದ್ದ ಕಾಲ ಅದು. ಕತ್ತಿ ಹಿಡಿದು ಬಾಳಿದ ಈ ಮನುಷ್ಯ 'ಹರಿಚಾರಿತ್ರ' ಎಂಬ ಕಾವ್ಯ ಬರೆದ ಕವಿಯೆಂದೂ ನಮ್ಮ ಸಾಹಿತ್ಯ ಚರಿತ್ರೆಯಲ್ಲಿ ಹೆಸರಾಗಿದ್ದಾನೆ. ಹರಿಯ ಕಥೆ ಬರೆದವನು ಗುಡಿ ಕಟ್ಟಿಸುವಾಗ ಹರನಿಗೂ ಸರಿಪಾಲು ಕೊಟ್ಟ. ನನಗೆ ಇದು ತುಂಬ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಮೂರ್ತಿಯ ಬಲಭಾಗ ಶಿವ, ಎಡಭಾಗ ವಿಷ್ಣು. ಶಿಲ್ಪಿ ಇಬ್ಬರನ್ನೂ ಕಲಸಿ ಮೂರನೆಯ ದೇವರನ್ನು ಮಾಡಲಿಲ್ಲ. ಹರ ಹರನಾಗಿಯೇ, ಹರಿ ಹರಿಯಾಗಿಯೇ ಉಳಿದರು. ನಿಂತ ನೆಲೆ ಮಾತ್ರ ಒಂದು. ಶೈವರೂ ವೈಷ್ಣವರೂ ತಮ್ಮ ದೇವರೇ ಹೆಚ್ಚೆಂದು ವಾದಿಸುತ್ತಿದ್ದ ದಿನಗಳಲ್ಲಿ ಯಾರೂ ತಮ್ಮದನ್ನು ಬಿಟ್ಟುಕೊಡದೆ ಜೊತೆಗೆ ನಿಲ್ಲಬಹುದೆಂದು ಕಲ್ಲಿನಲ್ಲಿ ತೋರಿಸಲು ಎದೆಗಾರಿಕೆ ಬೇಕಿತ್ತು.

ಅಂಥ ಗುಡಿ ಇದೆಯೆಂದ ಮಾತ್ರಕ್ಕೆ ಊರು ತಣ್ಣಗಿರುತ್ತದೆಯೆ? 2022ರ ಫೆಬ್ರವರಿಯಲ್ಲಿ, ಹಿಜಾಬ್ ವಿವಾದದ ದಿನಗಳಲ್ಲಿ, ಇದೇ ಹರಿಹರದ ಕಾಲೇಜಿನ ಬಳಿ ಕಲ್ಲು ತೂರಾಟವಾಗಿ ನಿಷೇಧಾಜ್ಞೆ ಹೊರಡಿಸಬೇಕಾಯಿತು. ಇಂಥದ್ದು ನಡೆದಾಗಲೆಲ್ಲ ನಾವು ಸಾಹಿತಿಗಳು ಸೌಹಾರ್ದ ಕವಿಗೋಷ್ಠಿ ನಡೆಸುತ್ತೇವೆ. ವೇದಿಕೆಯ ಮೇಲಿನವರೂ ಕೆಳಗಿನವರೂ ಮೊದಲೇ ಒಪ್ಪಿಕೊಂಡವರು. ವಿಶ್ವಸಂಸ್ಥೆಯೂ 1999ರಲ್ಲಿ ಶಾಂತಿ ಸಂಸ್ಕೃತಿಯ ಘೋಷಣೆ ಹೊರಡಿಸಿತ್ತು; 2000ನೆಯ ಇಸವಿಯನ್ನೂ ಅದಕ್ಕೆಂದೇ ಮೀಸಲಿಟ್ಟಿತ್ತು. ಘೋಷಣೆಗಳು ಬೇಡವೆನ್ನಲಾರೆ. ಆದರೆ ಪಕ್ಕದ ಓಣಿಯವರ ಮನೆಯಲ್ಲಿ ಯಾವ ಚಿಂತೆಗೆ ನಿದ್ದೆ ಕೆಡುತ್ತದೆ ಎಂಬುದನ್ನು ಯಾವ ಘೋಷಣೆಯೂ ತಿಳಿಸದು. ಅದನ್ನು ತಿಳಿಸುವುದು ಕಥೆ.

ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗ, ಮುಸ್ಲಿಂ ಮನೆಯೊಂದರ ಹೊಸ್ತಿಲನ್ನೂ ದಾಟಿರದ ಎಷ್ಟೋ ಓದುಗರಿಗೆ ಅದರ ನಾಯಕಿ ನಾದಿರಾ ತಮ್ಮ ಮನೆಯ ಮಗಳಾದಳು. ಸಾರಾ ತಮ್ಮವರ ತಪ್ಪನ್ನು ಮುಚ್ಚಿಡಲಿಲ್ಲ, ಅದಕ್ಕಾಗಿ ತಮ್ಮವರ ಸಿಟ್ಟನ್ನೂ ಎದುರಿಸಿದರು. ಶಾಂತಿಯ ಹೆಸರಿನಲ್ಲಿ ನೋವನ್ನು ಅದುಮಿಡುವ ಬರವಣಿಗೆಯನ್ನು ನಾನು ನಂಬುವುದಿಲ್ಲ. ಅನ್ಯಾಯ ಒಳಗೇ ಉಳಿದರೆ ಅದು ಇನ್ನೊಂದು ಜಗಳಕ್ಕೆ ಕಾದಿರುತ್ತದೆ.

ಇನ್ನು ಕಥೆಯಂತೆಯೇ ಜನರನ್ನು ಹತ್ತಿರ ತರುವ, ನಮ್ಮ ದಾವಣಗೆರೆಯ ಸ್ವಂತ ಆಸ್ತಿಯೊಂದಿದೆ: ಕಂಪನಿ ನಾಟಕ. ಚಿಂದೋಡಿ ವೀರಪ್ಪನವರು, ಅವರ ಮಗಳು ಲೀಲಾ ಅವರು ಬೆಳೆಸಿದ ಕೆ.ಬಿ.ಆರ್. ಡ್ರಾಮಾ ಕಂಪನಿ ಈ ಊರಿನದು. ಕಂಪನಿಗಳ ಬಿಡಾರದಲ್ಲಿ ಬೇರೆ ಬೇರೆ ಜಾತಿಮತದ ನಟನಟಿಯರು, ಪೇಟಿ ಮಾಸ್ತರರು, ತಬಲಾದವರು, ಪರದೆ ಎಳೆಯುವವರು ಒಂದೇ ಒಲೆಯ ಅನ್ನ ಉಂಡು ತಿಂಗಳುಗಟ್ಟಲೆ ಕೂಡಿ ಬಾಳುತ್ತಿದ್ದರು. ಅವರ ನಡುವೆ ಜಗಳ ಇರಲಿಲ್ಲವೆಂದಲ್ಲ. ಸಂಬಳಕ್ಕೆ, ಪಾತ್ರಕ್ಕೆ ಜಗಳ ಇದ್ದೇ ಇತ್ತು. ಆದರೂ ರಾತ್ರಿ ಗಂಟೆ ಬಾರಿಸಿದರೆ ಒಬ್ಬರ ಮಾತಿಗೆ ಇನ್ನೊಬ್ಬರು ಮಾತು ಕೊಡಲೇಬೇಕು, ಹಾಡುವವರ ಶ್ರುತಿಯನ್ನು ಪೇಟಿ ಹಿಡಿಯಲೇಬೇಕು. ಭಾಷಣದಿಂದ ಬಾರದ ಈ ಅಭ್ಯಾಸ ತಾಲೀಮಿನಿಂದ ಬರುತ್ತದೆ. ಕಾಲೇಜುಗಳಲ್ಲಿ ಸೌಹಾರ್ದ ದಿನಾಚರಣೆಗೆ ಖರ್ಚಾಗುವ ಹಣದಲ್ಲಿ ವರ್ಷಕ್ಕೊಂದು ನಾಟಕ ಕಟ್ಟಿಸಿದರೆ, ಎರಡು ತಿಂಗಳು ಮಕ್ಕಳೆಲ್ಲ ಒಟ್ಟಿಗೆ ತಾಲೀಮು ಮಾಡಿದರೆ, ಅದರ ಫಲ ಹೆಚ್ಚು ದಿನ ಉಳಿಯುತ್ತದೆಂದು ನನ್ನ ದೃಢ ನಂಬಿಕೆ.

ನಮ್ಮ ಪತ್ರಿಕೆಯ ಈ ಸಂಚಿಕೆಗೆ ಶಾಂತಿಯನ್ನು ಕುರಿತ ಪದ್ಯಗಳು ಬಹಳ ಬಂದಿದ್ದವು. ಪಾರಿವಾಳ, ಬುದ್ಧ, ಬೆಳಕು ಎಲ್ಲದರಲ್ಲೂ ಇದ್ದವು. ಹೆಸರೂ ಬೀದಿಯೂ ಇರುವ ಮನುಷ್ಯರು ಕಡಿಮೆ. ಮುಂದಿನ ಸಂಚಿಕೆಗೆ ಬರೆಯುವವರಲ್ಲಿ ಒಂದು ಕೋರಿಕೆ: ದಿನಾ ಕಾಣುತ್ತಿದ್ದರೂ ಈವರೆಗೆ ನೀವು ಯಾರ ಮನೆಯೊಳಗೆ ಕಾಲಿಟ್ಟಿಲ್ಲವೋ ಅಂಥ ಒಬ್ಬರನ್ನು ಕುರಿತು ಬರೆಯಿರಿ. ಬರೆದದ್ದನ್ನು ಮೊದಲು ಅವರಿಗೇ ಓದಿ ಹೇಳಿ. ಅವರು ತಪ್ಪೆಂದದ್ದನ್ನು ತಿದ್ದಿ, ಆಮೇಲೆ ನಮಗೆ ಕಳಿಸಿ.