ಪಾಶ್ಚರ್ ಬೆಳೆದ ಊರುಗಳಲ್ಲಿ ಒಂದು ದಿನ

ಬೆಳಗ್ಗೆ ಮನೆ ಬಾಗಿಲಿಗೆ ಬರುವ ಹಾಲಿನ ಪ್ಯಾಕೆಟ್ಟಿನ ಮೇಲೆ ‘ಪಾಶ್ಚರೀಕರಿಸಿದ ಹಾಲು’ ಎಂದು ಅಚ್ಚಾಗಿರುತ್ತದೆ. ಎಂಟನೆಯ ತರಗತಿಯ ಹುಡುಗನನ್ನು ಕೇಳಿದರೂ ಅದು ಲೂಯಿ ಪಾಶ್ಚರ್ ಎಂಬ ವಿಜ್ಞಾನಿಯಿಂದ ಬಂದ ಹೆಸರೆಂದು ಥಟ್ಟನೆ ಹೇಳಿಯಾನು. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಅಷ್ಟು ಸಾಕು. ಆದರೆ ಪಾಶ್ಚರ್ ಹುಟ್ಟಿ ಬೆಳೆದ ಊರುಗಳನ್ನು ಕಂಡವರಿಗೆ ಆ ಹೆಸರಿನ ಅರ್ಥವೇ ಬೇರೆಯಾಗುತ್ತದೆ. ಪೂರ್ವ ಫ್ರಾನ್ಸಿನ ಜೂರಾ ಸೀಮೆಯ ಡೋಲ್, ಆರ್ಬುವಾ ಮತ್ತು ಪೊಲಿನ್ಯಿ ಎಂಬ ಮೂರು ಸಣ್ಣ ಪಟ್ಟಣಗಳನ್ನು ಒಂದು ಬಾಡಿಗೆ ಕಾರಿನಲ್ಲಿ ಒಂದೇ ದಿನ, ಅವಸರವಿಲ್ಲದೆ ಸುತ್ತಿ ಬರಬಹುದು. ನೋಡುವುದು, ಕೊಳ್ಳುವುದು, ತಿನ್ನುವುದು ಮೂರೂ ಅಲ್ಲಿ ಆಗುತ್ತದೆ.

ಪ್ಯಾರಿಸ್ಸಿನಿಂದ ವೇಗದ ರೈಲು ಹತ್ತಿದರೆ ಎರಡು ಗಂಟೆಯ ಆಸುಪಾಸಿನಲ್ಲಿ ಡೋಲ್ ಬರುತ್ತದೆ. ದೂಬ್ ನದಿಯ ದಂಡೆಯ ಈ ಊರು ಒಂದು ಕಾಲಕ್ಕೆ ಫ್ರಾಂಷ್-ಕೊಂತೆ ಎಂಬ ಪ್ರಾಂತ್ಯದ ರಾಜಧಾನಿಯಾಗಿತ್ತು. ಹದಿನಾಲ್ಕನೆಯ ಲೂಯಿ 1674ರಲ್ಲಿ ಈ ಪ್ರಾಂತ್ಯವನ್ನು ಗೆದ್ದ ಮೇಲೆ ಆ ಪಟ್ಟ ಬೆಸಾನ್ಸೋನ್ ನಗರದ ಪಾಲಾಯಿತು. ರಾಜಧಾನಿಯ ಗದ್ದಲ ಹೋದರೂ ಕಲ್ಲಿನ ಮನೆಗಳು, ಓರೆಕೋರೆ ಬೀದಿಗಳು, ದೂರದಿಂದಲೇ ಕಾಣುವ ಚರ್ಚಿನ ಎತ್ತರದ ಗೋಪುರ ಹಾಗೆಯೇ ಉಳಿದಿವೆ. ಚರ್ಚಿನ ಮಗ್ಗುಲಲ್ಲೇ ಕಬ್ಬಿಣದ ಕಂಬಗಳ ಮೇಲೆ ನಿಂತ ಹಳೆಯ ಮಾರುಕಟ್ಟೆ ಇದೆ. ಸಂತೆಯ ದಿನವಾದರೆ ತರಕಾರಿ, ಜೇನು, ಚೀಸ್, ಆಗತಾನೆ ಸುಟ್ಟ ಬ್ರೆಡ್ಡು ಎಲ್ಲವೂ ಇಲ್ಲಿ ಸಿಗುತ್ತದೆ. ಅಂಗಡಿಯವರ ಎದುರು ನಿಂತಾಗ ಮೊದಲು ‘ಬೋಂಜೂರ್’ ಎಂದು ನಮಸ್ಕಾರ ಹೇಳಿಯೇ ಬೆಲೆ ಕೇಳಬೇಕು. ಹಾಗೆ ಹೇಳದೆ ಕೇಳುವುದು ಅಲ್ಲಿ ಒರಟುತನ. ಹಣ್ಣನ್ನು ಕೈಯಿಂದ ಒತ್ತಿ ನೋಡುವ ಅಭ್ಯಾಸವನ್ನೂ ಊರಲ್ಲೇ ಬಿಟ್ಟು ಹೋಗುವುದು ಒಳ್ಳೆಯದು.

ಮಾರುಕಟ್ಟೆಯಿಂದ ಇಳಿಜಾರಿನಲ್ಲಿ ನಡೆದರೆ ಒಂದು ಕಿರಿದಾದ ಬೀದಿ ಸಿಗುತ್ತದೆ. ಹಿಂದೆ ಅದು ತೊಗಲು ಹದಮಾಡುವವರ ಬೀದಿ. ಈಗ ಪಾಶ್ಚರ್ ಬೀದಿ. ಮನೆಗಳ ಬೆನ್ನಿಗೆ ಕಾಲುವೆ ಹರಿಯುತ್ತದೆ. ಇಲ್ಲಿನ ಒಂದು ಮನೆಯಲ್ಲಿ 1822ರ ಡಿಸೆಂಬರ್ 27ರಂದು ಲೂಯಿ ಪಾಶ್ಚರ್ ಹುಟ್ಟಿದ. ತಂದೆ ಜಾನ್-ಜೋಸೆಫ್ ನೆಪೋಲಿಯನ್ನನ ಸೈನ್ಯದಲ್ಲಿದ್ದು ಬಂದವರು. ತೊಗಲು ಹದಮಾಡುವುದು ಅವರ ಕಸುಬು. ಮನೆ ಈಗ ವಸ್ತು ಸಂಗ್ರಹಾಲಯ. ಅದರ ಕೆಳ ಅಂತಸ್ತಿನಲ್ಲಿ ಆ ಕಸುಬಿನ ಸಲಕರಣೆಗಳನ್ನು ನೋಡಬಹುದು. ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆದ ತೊಗಲನ್ನು ಓಕ್ ಮರದ ತೊಗಟೆಯ ಜೊತೆ ತಿಂಗಳುಗಟ್ಟಲೆ ಇಡುತ್ತಿದ್ದರು. ಕರ್ನಾಟಕದಲ್ಲಿ ತಂಗಡಿ ತೊಗಟೆ ಮಾಡುತ್ತಿದ್ದ ಕೆಲಸವನ್ನು ಅಲ್ಲಿ ಓಕ್ ಮಾಡುತ್ತಿತ್ತು. ತೊಗಟೆಯ ಟ್ಯಾನಿನ್ ತೊಗಲಿನ ಪ್ರೋಟೀನಿಗೆ ಅಂಟಿಕೊಂಡು ಅದು ಕೊಳೆಯದಂತೆ ಕಾಯುತ್ತದೆ. ಕೊಳೆಯುವುದೇಕೆ, ಕೊಳೆಯದಂತೆ ತಡೆಯುವುದು ಹೇಗೆ? ಮುಂದೆ ಪಾಶ್ಚರ್ ಜೀವಮಾನವಿಡೀ ಕೇಳಿದ ಪ್ರಶ್ನೆ ತಂದೆಯ ಕಸುಬಿನಲ್ಲೇ ಇತ್ತು.

ಡೋಲ್‌ನಿಂದ ಆರ್ಬುವಾಕ್ಕೆ ಸುಮಾರು 35 ಕಿ.ಮೀ. ಬಯಲು ಮುಗಿದು ಸುಣ್ಣಕಲ್ಲಿನ ಗುಡ್ಡಗಳು ಶುರುವಾಗುತ್ತವೆ. ಇವೇ ಜೂರಾ ಪರ್ವತಗಳು. ಡೈನೊಸಾರ್‌ಗಳ ಪಾಠದಲ್ಲಿ ಬರುವ ‘ಜುರಾಸಿಕ್’ ಯುಗಕ್ಕೆ ಆ ಹೆಸರು ಬಂದದ್ದು ಈ ಗುಡ್ಡಗಳ ಕಲ್ಲಿನಿಂದ. ಗುಡ್ಡದ ಮೈಮೇಲೆ ದ್ರಾಕ್ಷಿ ತೋಟಗಳ ಸಾಲು, ಮಧ್ಯೆ ಕ್ವಿಸಾನ್ಸ್ ಎಂಬ ಪುಟ್ಟ ಹೊಳೆ, ಹೊಳೆಯ ಎರಡೂ ಬದಿಗೆ ಆರ್ಬುವಾ ಪಟ್ಟಣ. ಲೂಯಿ ಮಗುವಾಗಿದ್ದಾಗಲೇ ಡೋಲ್ ಬಿಟ್ಟ ಕುಟುಂಬ ಕೊನೆಗೆ ನೆಲೆಯೂರಿದ್ದು ಇಲ್ಲಿ.

ಹನ್ನೆರಡಕ್ಕೆ ಊರು ಊಟಕ್ಕೆ ಕೂಡುತ್ತದೆ. ಅಂಗಡಿಗಳು ಬಾಗಿಲು ಹಾಕುತ್ತವೆ. ಎರಡು ಗಂಟೆಯ ನಂತರ ಹೋದವರಿಗೆ ಎಷ್ಟೋ ಹೋಟೆಲುಗಳಲ್ಲಿ ಊಟ ಸಿಗುವುದಿಲ್ಲ. ಹಾಗಾಗಿ ಮೊದಲು ಊಟ. ಕಮಾನುಗಳ ಸಾಲಿರುವ ಚೌಕದ ಸುತ್ತಮುತ್ತ ಕುಳಿತರೆ ಸೊಪ್ಪು ಮತ್ತು ಅಕ್ರೋಟಿನ ಸಲಾಡ್, ಚೀಸ್ ಹಾಕಿದ ಆಮ್ಲೆಟ್, ಬೇಯಿಸಿದ ಆಲೂಗೆಡ್ಡೆ, ಗರಿಗರಿ ಬ್ರೆಡ್ಡು ಸಿಗುತ್ತದೆ. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಒಂದು ಮಾತು ತಿಳಿದಿರಬೇಕು: ಇಲ್ಲಿನ ಚೀಸಿಗೆ ಹಾಲು ಗಟ್ಟಿಯಾಗಲೆಂದು ಹಾಕುವ ರೆನೆಟ್ ಕರುವಿನ ಜಠರದಿಂದ ತೆಗೆದದ್ದು. ಅಲ್ಲಿನವರ ಮೇಜಿನ ಮೇಲೆ ಸ್ಥಳೀಯ ವೈನ್ ಇರುತ್ತದೆ. ಮಕ್ಕಳಿಗೆ ದ್ರಾಕ್ಷಿ ರಸ. ಊರಿನ ಹೆಮ್ಮೆಯ ‘ಹಳದಿ ವೈನ್’ ಮರದ ಪೀಪಾಯಿಯಲ್ಲಿ ಆರು ವರ್ಷ ಮೂರು ತಿಂಗಳು ಕಾಯುತ್ತದೆ. ಮೇಲೆ ಯೀಸ್ಟಿನ ತೆಳುಪೊರೆ ಕಟ್ಟಿ ಗಾಳಿಯಿಂದ ಕೆಡದಂತೆ ನೋಡಿಕೊಳ್ಳುತ್ತದೆ. ತುಂಬಿಸಿಟ್ಟ ಒಂದು ಲೀಟರು ಅಷ್ಟು ಹೊತ್ತಿಗೆ ಆವಿಯಾಗಿ ಸುಮಾರು 62 ಸೆಂಟಿಲೀಟರ್ ಉಳಿಯುತ್ತದೆಂದು ಅದರ ಬಾಟಲಿಯ ಅಳತೆಯೂ ಅಷ್ಟೇ.

ಊಟವಾದ ಮೇಲೆ ಹೊಳೆಯ ದಂಡೆಯಲ್ಲಿ ನಡೆದರೆ ಪಾಶ್ಚರ್ ಮನೆ. ಪ್ಯಾರಿಸ್ಸಿನಲ್ಲಿ ಹೆಸರು ಮಾಡಿದ ಮೇಲೂ ಅವರು ಬೇಸಿಗೆ ರಜೆಗೆ ಬರುತ್ತಿದ್ದುದು ಇಲ್ಲಿಗೇ. ರಜೆಯಲ್ಲೂ ಕೆಲಸ ಬಿಡದವರಿಗೆ ಮನೆಯಲ್ಲೇ ಒಂದು ಪ್ರಯೋಗಶಾಲೆ. ಗಾಜಿನ ಬುರುಡೆಗಳು, ಸೀಸೆಗಳು ಇಂದಿಗೂ ಅಲ್ಲಿವೆ. ಫ್ರಾನ್ಸಿನ ವೈನ್ ಕೆಡುತ್ತಿರುವುದೇಕೆಂದು ಚಕ್ರವರ್ತಿ ಮೂರನೆಯ ನೆಪೋಲಿಯನ್ 1863ರಲ್ಲಿ ಕೇಳಿದಾಗ ಪಾಶ್ಚರ್ ಆರ್ಬುವಾದಲ್ಲೇ ಸೂಕ್ಷ್ಮದರ್ಶಕ ಹಿಡಿದು ಕುಳಿತರು. ಕೆಡಿಸುವ ಜೀವಿಗಳನ್ನು ಗುರುತಿಸಿ, ವೈನನ್ನು ಕುದಿಸದೆ, 50ರಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿ ಮಾಡಿದರೆ ಸಾಕೆಂದು ತೋರಿಸಿದರು. ಹಾಲಿನ ಪಾಶ್ಚರೀಕರಣ ಆಮೇಲೆ ಬಂದದ್ದು. ಇಂದು ಡೇರಿಗಳಲ್ಲಿ ಹಾಲನ್ನು 72 ಡಿಗ್ರಿಯಲ್ಲಿ 15 ಸೆಕೆಂಡು ಇಟ್ಟು ಕೂಡಲೇ ತಣಿಸುವುದು ಅದೇ ತತ್ತ್ವದ ಮೇಲೆ. ಊರಾಚೆ ಅವರ ದ್ರಾಕ್ಷಿ ತೋಟವೂ ಇದೆ. 1878ರಲ್ಲಿ ಅವರು ಬಳ್ಳಿಗಳ ಮೇಲೆ ಗಾಜಿನ ಮನೆ ಕಟ್ಟಿಸಿ, ಗೊಂಚಲುಗಳಿಗೆ ಹತ್ತಿ ಸುತ್ತಿದರು. ಹೊರಗಿನ ಯೀಸ್ಟ್ ತಾಗದ ಆ ಹಣ್ಣುಗಳನ್ನು ಹಿಂಡಿದರೆ ರಸ ಹುದುಗಲೇ ಇಲ್ಲ.

ಇಷ್ಟೆಲ್ಲ ಮಾಡಿದವರು ಓದುವಾಗ ಹೇಗಿದ್ದರು? ತಂದೆ ತಾಯಿಯರು ಈ ಮನೆಯಲ್ಲಿ ಸ್ವಲ್ಪ ಹೊತ್ತು ನಿಂತು ಕೇಳಬೇಕಾದ ಪ್ರಶ್ನೆ ಇದು. ಲೂಯಿ ಶಾಲೆಯಲ್ಲಿ ಸಾಧಾರಣ ಹುಡುಗ. ಚಿತ್ರ ಬರೆಯುವುದರಲ್ಲಿ ಮಾತ್ರ ಗಟ್ಟಿಗ. ಹದಿಮೂರರ ವಯಸ್ಸಿನಲ್ಲಿ ಬರೆದ ತಾಯಿಯ ಚಿತ್ರ ಇಂದಿಗೂ ಉಳಿದಿದೆ. 1838ರಲ್ಲಿ, ಇನ್ನೂ ಹದಿನಾರು ತುಂಬದ ಮಗನನ್ನು ಹೆಚ್ಚಿನ ಓದಿಗೆಂದು ಪ್ಯಾರಿಸ್ಸಿನ ಹಾಸ್ಟೆಲಿಗೆ ಕಳಿಸಿದರು. ಊರಿನ ನೆನಪು ಹುಡುಗನನ್ನು ಬಿಡದೆ ಕಾಡಿತು. ಕೆಲವೇ ವಾರಗಳಲ್ಲಿ ತಂದೆ ಪ್ಯಾರಿಸ್ಸಿಗೆ ಹೋಗಿ ಮಗನನ್ನು ಆರ್ಬುವಾಕ್ಕೆ ವಾಪಸು ಕರೆತಂದರು. ಆಮೇಲೆ ಹತ್ತಿರದ ಬೆಸಾನ್ಸೋನ್‌ನಲ್ಲಿ ಓದು. ವಿಜ್ಞಾನದ ಪರೀಕ್ಷೆಯಲ್ಲಿ ಒಮ್ಮೆ ನಪಾಸು. 1842ರಲ್ಲಿ ಪಾಸಾದಾಗ ರಸಾಯನಶಾಸ್ತ್ರದಲ್ಲಿ ಸಿಕ್ಕಿದ ಷರಾ ‘ಸಾಧಾರಣ’! ಆರೇ ವರ್ಷಗಳಲ್ಲಿ, 1848ರಲ್ಲಿ, ಅದೇ ಹುಡುಗ ಟಾರ್ಟಾರಿಕ್ ಆಮ್ಲದ ಹರಳುಗಳಲ್ಲಿ ಎಡ-ಬಲ ಎಂಬ ಎರಡು ಬಗೆ ಇರುವುದನ್ನು ಕಂಡುಹಿಡಿದು ರಸಾಯನಶಾಸ್ತ್ರಕ್ಕೆ ಹೊಸ ದಾರಿ ತೆರೆದ.

ಸಂಜೆಯ ಹೊತ್ತಿಗೆ, ಆರ್ಬುವಾದಿಂದ ಹತ್ತು ಹನ್ನೊಂದು ಕಿ.ಮೀ. ದೂರದ ಪೊಲಿನ್ಯಿ. ಇದು ಕೊಂತೆ ಚೀಸಿನ ರಾಜಧಾನಿ. ಮಾಡುವ ಬಗೆಯನ್ನು ತೋರಿಸಿ ಹೇಳಲು ಇಲ್ಲಿ ‘ಕೊಂತೆ ಮನೆ’ಯೇ ಇದೆ. ಗಾಡಿಯ ಚಕ್ರದಂತಿರುವ ಸುಮಾರು 40 ಕಿಲೋ ಚೀಸಿಗೆ 400 ಲೀಟರ್ ಹಾಲು ಬೇಕು. ತಮಾಷೆ ಎಂದರೆ, ಪಾಶ್ಚರ್ ಬೆಳೆದ ಸೀಮೆಯ ಈ ಚೀಸನ್ನು ಪಾಶ್ಚರೀಕರಿಸಿದ ಹಾಲಿನಿಂದ ಮಾಡುವಂತೆಯೇ ಇಲ್ಲ. ಹಸಿ ಹಾಲೇ ಆಗಬೇಕೆಂಬುದು ನಿಯಮ. ಹುಲ್ಲು ಮೇಯ್ದ ಹಸುವಿನ ಹಾಲಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳೇ ರುಚಿ ಕೊಡುವುದು. ಹಾಗೆಂದು ಎಚ್ಚರ ತಪ್ಪುವುದಿಲ್ಲ. ಕರೆದ 24 ಗಂಟೆಯೊಳಗೆ ಹಾಲನ್ನು ತಾಮ್ರದ ಕೊಪ್ಪರಿಗೆಗೆ ಹಾಕಿ, ಮೊಸರುಗಟ್ಟಿದ್ದನ್ನು 53 ಡಿಗ್ರಿಗಿಂತ ಮೇಲೆ ಅರ್ಧ ಗಂಟೆ ಕಾಯಿಸಿ, ಒತ್ತಿ, ಉಪ್ಪು ಸವರಿ, ಕಡಿಮೆಯೆಂದರೂ ನಾಲ್ಕು ತಿಂಗಳು ನೆಲಮಾಳಿಗೆಯಲ್ಲಿ ಮಾಗಿಸುತ್ತಾರೆ. ಮನೆಯಲ್ಲಿ ಹಸಿ ಹಾಲು ಕುಡಿಯುವುದಕ್ಕೆ ಇದು ಅನುಮತಿ ಪತ್ರವಲ್ಲ!

ಮಾಗಿದ ಮೇಲೆ ಚೀಸಿಗೂ ಪರೀಕ್ಷೆ ಉಂಟು. ಒಟ್ಟು 20 ಅಂಕ. ಅದರಲ್ಲಿ ರುಚಿಗೇ 9. ಹದಿನಾಲ್ಕು ದಾಟಿದರೆ ಹಸಿರು ಪಟ್ಟಿ, ಹನ್ನೆರಡರಿಂದ ಹದಿನಾಲ್ಕಕ್ಕೆ ಕಂದು ಪಟ್ಟಿ, ಹನ್ನೆರಡಕ್ಕಿಂತ ಕಡಿಮೆಯಾದರೆ ಕೊಂತೆ ಎಂಬ ಹೆಸರೇ ಇಲ್ಲ. ಆದರೆ ಮಾಗುವ ಮೊದಲು ಯಾರೂ ಅಂಕ ಹಾಕುವುದಿಲ್ಲ. ಅಂಗಡಿಯಲ್ಲಿ ಎಂಟು ತಿಂಗಳದು, ಹದಿನೆಂಟು ತಿಂಗಳದು ಎಂದು ಬೇರೆ ಬೇರೆ ತುಂಡುಗಳನ್ನು ಕೇಳಿ ರುಚಿ ನೋಡಿ ಕೊಳ್ಳಬಹುದು. ಎಳೆಯದರಲ್ಲಿ ಹಾಲು ಬೆಣ್ಣೆಯ ರುಚಿ, ಹಳೆಯದರಲ್ಲಿ ಹುರಿದ ಬೀಜದ ಪರಿಮಳ. ಜೊತೆಗೆ ಜೂರಾದ ಮರದ ಆಟಿಕೆ, ಒಂದು ಸೀಸೆ ಜೇನು ಕೊಂಡರೆ ಚೀಲ ತುಂಬುತ್ತದೆ.

ರೈಲು ಹಿಡಿಯಲು ಮತ್ತೆ ಡೋಲ್‌ಗೆ ಬರಬೇಕು. ಹೊತ್ತಿದ್ದರೆ ಇನ್ನೊಮ್ಮೆ ಆ ಕಾಲುವೆಯ ಪಕ್ಕದ ಮನೆಯವರೆಗೆ ನಡೆಯಬಹುದು. 1883ರ ಜುಲೈ 14ರಂದು ಊರಿನವರು ಆ ಮನೆಯ ಗೋಡೆಗೆ ಪಾಶ್ಚರ್ ಹೆಸರಿನ ಫಲಕ ಹಾಕಿದರು. ಅರವತ್ತರ ಪಾಶ್ಚರ್ ಸ್ವತಃ ಬಂದಿದ್ದರು. ಅಂದು ಅವರು ಮಾತಾಡಿದ್ದು ತಮ್ಮ ಸಂಶೋಧನೆಗಳ ಬಗ್ಗೆ ಅಲ್ಲ. ತೀರಿಹೋಗಿದ್ದ ತಂದೆ ತಾಯಿಯರ ಬಗ್ಗೆ. ಉತ್ಸಾಹ ತಾಯಿಯಿಂದ ಬಂತು, ಕಷ್ಟದ ಕಸುಬಿನಲ್ಲೂ ತಾಳ್ಮೆಗೆಡದೆ ದುಡಿಯುವುದನ್ನು ತಂದೆ ಕಲಿಸಿದರು, ತನ್ನದೆಲ್ಲ ಅವರ ಋಣ ಎಂದು ತುಂಬಿದ ಸಭೆಯಲ್ಲಿ ಹೇಳಿಕೊಂಡರು.

ತೊಗಲು ಹದವಾಗಲು ತಿಂಗಳುಗಳು ಬೇಕೆಂದು ಬಲ್ಲ ಆ ತಂದೆ, ಅಳುತ್ತಿದ್ದ ಮಗನನ್ನು ಪ್ಯಾರಿಸ್ಸಿನಿಂದ ಮನೆಗೆ ಕರೆತಂದಾಗ ವರ್ಷ ಹಾಳಾಯಿತೆಂದು ಲೆಕ್ಕ ಹಾಕುತ್ತ ಕೂರಲಿಲ್ಲ. ಹತ್ತಿರದ ಊರಿನಲ್ಲಿ ಓದಿಸಿದರು. ಅಂಕಪಟ್ಟಿ ಬಂದ ದಿನ ಮನೆಯಲ್ಲಿ ದನಿ ಏರುವ ಮೊದಲು, ಮೇಜಿನ ಮೇಲಿರುವ ಹಾಲಿನ ಪ್ಯಾಕೆಟ್ಟಿನ ಹೆಸರನ್ನು ಒಮ್ಮೆ ಓದಿಕೊಂಡರೆ ಒಳ್ಳೆಯದು. ಅದು ರಸಾಯನಶಾಸ್ತ್ರದಲ್ಲಿ ‘ಸಾಧಾರಣ’ ಎನಿಸಿಕೊಂಡ ಹುಡುಗನ ಹೆಸರು.